ಹೀನಾಧಿಕ ಮಾನೋನ್ಮಾನವೂ ಸಾಲದ ಪುಸ್ತಕವೂ

ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ಹೀನಾಧಿಕ ಮಾನೋನ್ಮಾನ’ವನ್ನೂ ಸೇರಿಸಿದ್ದಾರೆ. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ತೂಗುವುದು ಎಂದು ಅದರ ಅರ್ಥ. ನಲವತ್ತು ವರ್ಷ ಕೆಂಭಾವಿಯಲ್ಲಿ ತಕ್ಕಡಿ ಹಿಡಿದ ನಾನು ಈ ದೋಷ ನನಗೆ ಅಂಟಿಲ್ಲವೆಂದೇ ನಂಬಿದ್ದೆ.

2025ರ ಆರಂಭದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳೊಬ್ಬಳು ಮೂರು ಸಾಲದ ಪುಸ್ತಕಗಳನ್ನು ತಂದು, “ಸಾವ್ಕಾರ್ರ, ಇದ್ರಾಗ ಬಡ್ಡಿ ಎಷ್ಟು ಅದ ನೋಡ್ರಿ” ಎಂದಳು. ಒಂದರ ಕಂತು ಕಟ್ಟಲು ಮತ್ತೊಂದನ್ನು ಎತ್ತಿದ್ದಳು. ಖಾಸಗಿ ಲೇವಾದೇವಿಯವರ ಪುಸ್ತಕದಲ್ಲಿ 50,000 ರೂ. ಸಾಲ, ಬಡ್ಡಿ ಶೇ. 12, ಹನ್ನೆರಡು ಕಂತು, ಒಟ್ಟು 56,000 ಎಂದಿತ್ತು. ಅಸಲು ತಿಂಗಳು ತಿಂಗಳು ಕರಗಿದರೂ ಬಡ್ಡಿ ಮಾತ್ರ ವರ್ಷವಿಡೀ ಪೂರ್ತಿ 50,000ಕ್ಕೆ! ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ದರ ಶೇ. 21 ದಾಟುತ್ತದೆ.

ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕು ತನ್ನ ಅಧೀನ ಸಂಸ್ಥೆಗಳಿಗೆ 2022ರಲ್ಲಿಯೇ ಎರಡು ಕಟ್ಟು ಹಾಕಿತ್ತು: ಕುಟುಂಬದ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು, ನಿಜವಾದ ವಾರ್ಷಿಕ ದರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಬಾಗಿಲಿಗೆ ಬಂದು ಬೆದರಿಸುವವನನ್ನು ಕಾನೂನು ಹಿಡಿದೀತು. ಎದುರಿನವರಿಗೆ ಲೆಕ್ಕ ಬಾರದೆಂಬುದರಿಂದಲೇ ಹುಟ್ಟುವ ಲಾಭವನ್ನು ಹಿಡಿಯುವವರಾರು?

“ಒಪ್ಪಿಯೇ ಹೆಬ್ಬೆಟ್ಟು ಒತ್ತಿದ್ದಾಳಲ್ಲ” ಎಂದರು ಮಿತ್ರರೊಬ್ಬರು. ಕಳ್ಳತೂಕದ ಸಾಮಾನು ಒಯ್ಯುವವನೂ ಒಪ್ಪಿಯೇ ಒಯ್ಯುತ್ತಾನೆ. ಶೇ. 12 ಎಂಬುದೂ ಒಂದು ದೃಷ್ಟಿಯಿಂದ ಸತ್ಯವೆಂದು ಇಲ್ಲಿ ಅನೇಕಾಂತವನ್ನು ಎಳೆದು ತರುವವರುಂಟು. ಅದು ಆ ಸಿದ್ಧಾಂತಕ್ಕೇ ಮಾಡುವ ಅನ್ಯಾಯ.

ಅಂದು ರಾತ್ರಿ ನನ್ನ ಉದ್ದರಿ ಖಾತೆಯನ್ನು ತೆರೆದೆ. ಬೀಜ, ಗೊಬ್ಬರ ಒಯ್ದ ರೈತರು ನಡುವೆ ತೊಗರಿ ಮಾರಿ ಅಷ್ಟಿಷ್ಟು ತುಂಬಿದ್ದರೂ ಯುಗಾದಿಯವರೆಗೆ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕಿದ್ದೆ. ಅದು ಹಿರಿಯರಿಂದ ಬಂದ ರೂಢಿ. ಬಿ.ಕಾಂ. ಓದಿದ ನನಗೆ ತಿಳಿಯದೆಂಬ ನೆಪವೂ ಇಲ್ಲ. ಹನ್ನೊಂದು ಖಾತೆಗಳನ್ನು ಹೊಸದಾಗಿ ಲೆಕ್ಕ ಹಾಕಿ ಹೆಚ್ಚಿನದನ್ನು ತಿರುಗಿ ಕೊಟ್ಟೆ. ಮಗ ಎರಡು ದಿನ ಮಾತಾಡಲಿಲ್ಲ.

ನಾನು ಸದಸ್ಯನಾಗಿರುವ ಟ್ರಸ್ಟಿನ ಸಭೆಯಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಕೇಳಿದೆ: ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡುವ ಫೈನಾನ್ಸಿನಲ್ಲಿ ದೇವದ್ರವ್ಯವನ್ನು ಇಟ್ಟಿದ್ದೇವೆ, ಆ ಹೆಚ್ಚಿನ ಹಣ ಯಾರ ಕಂತಿನಿಂದ ಬರುತ್ತದೆ? ಖಜಾಂಚಿಯವರು ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.