ಸಹಿ ಹಾಕದವರು

ಚೆನ್ನೈನಿಂದ ಬೆಂಗಳೂರಿನ ಕಡೆ ಹೊರಟರೆ ಶ್ರೀಪೆರಂಬದೂರಿಗಿಂತ ಮೊದಲು ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಹಬ್ಬಕ್ಕೆ ಊರಿಗೆ ಹೋಗಿಬರುವ ನಮ್ಮಂಥವರ ಪಾಲಿಗೆ ಅದು ಕಾರ್ಖಾನೆಗಳ, ಕಂಟೇನರ್ ಲಾರಿಗಳ ಜಾಗ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಅಲ್ಲೊಂದು ರೇಸ್ ಟ್ರ್ಯಾಕ್ ಇದೆ. ಉದ್ದ 3.7 ಕಿಲೋಮೀಟರ್, ಹನ್ನೆರಡು ತಿರುವು. ವರ್ಷದಲ್ಲಿ ಒಂದೆರಡು ಸಲ ಭಾನುವಾರ ನಾನು ಅಲ್ಲಿರುತ್ತೇನೆ. ಆಫೀಸಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ನಲವತ್ತಾರು ವರ್ಷದ ಪ್ರಾಜೆಕ್ಟ್ ಮ್ಯಾನೇಜರ್ ಹೆಲ್ಮೆಟ್ ಹಾಕಿಕೊಂಡು ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಓಡಿಸುತ್ತಾನೆಂದರೆ ನಗುತ್ತಾರೆ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಶುಲ್ಕ ಕಟ್ಟಿ, ಸರದಿಯಲ್ಲಿ, ನಮ್ಮ ನಮ್ಮ ಕಾರನ್ನು ನಮ್ಮ ಮಿತಿಯವರೆಗೆ ಓಡಿಸುವುದು. ಗೆದ್ದವರು ಸೋತವರು ಎಂದಿಲ್ಲ. ಒಳಗೆ ಬಿಡುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಏನಾದರೂ ಆದರೆ ಹೊಣೆ ನನ್ನದೇ ಎಂಬ ಬರಹ. ಮೊದಲ ಸಲ ಅದನ್ನು ಓದದೆ ಸಹಿ ಹಾಕಿದೆ, ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ಷರತ್ತುಗಳನ್ನು ಒಪ್ಪುವ ಹಾಗೆ. ಈ ಲೇಖನ ಆ ಕಾಗದದ ಬಗ್ಗೆ. ಆದರೆ ಅಲ್ಲಿಗೆ ಬರಲು ಬ್ರೇಕಿನ ದಾರಿಯಲ್ಲೇ ಬರಬೇಕು.

ಆ ಮೊದಲ ದಿನ, ನಾಲ್ಕನೇ ಸುತ್ತಿನಲ್ಲಿ, ಒಂದು ತಿರುವಿಗೆ ಮೊದಲು ಬ್ರೇಕ್ ಒತ್ತಿದೆ. ಪೆಡಲ್ ನೆಲ ಮುಟ್ಟಿತು. ಕಾಲಿನ ಕೆಳಗೆ ಏನೂ ಇಲ್ಲ. ಎರಡು ಮೂರು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಟ್ರ್ಯಾಕ್ ಬಿಟ್ಟು ಮಣ್ಣಿಗಿಳಿದು ಹೇಗೋ ನಿಂತೆ. ಯಾರಿಗೂ ಏನೂ ಆಗಲಿಲ್ಲ. ಇಳಿದಾಗ ಮೊಣಕಾಲು ನಡುಗುತ್ತಿತ್ತು.

ಆದದ್ದೇನು ಎಂಬುದು ಪಿಯುಸಿ ಭೌತಶಾಸ್ತ್ರ. ನನ್ನನ್ನೂ ಸೇರಿಸಿ ಕಾರಿನ ತೂಕ ಸುಮಾರು 1,100 ಕಿಲೋ. ಗಂಟೆಗೆ 140 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಸಬೇಕಾದರೆ ಸುಮಾರು 6.8 ಲಕ್ಷ ಜೌಲ್ ಶಕ್ತಿಯನ್ನು ಕಳೆಯಬೇಕು. ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ, ಅದೂ ಕೆಲವೇ ಸೆಕೆಂಡುಗಳಲ್ಲಿ. ಬಹುಪಾಲು ಮುಂದಿನ ಎರಡು ಡಿಸ್ಕುಗಳಿಗೆ, ಪ್ಯಾಡುಗಳಿಗೆ ಹೋಗುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬರುತ್ತದೆ.

ನಾವು ಬ್ರೇಕ್ ಆಯಿಲ್ ಎನ್ನುವುದು ನಿಜವಾಗಿ ಎಣ್ಣೆಯಲ್ಲ. ಬಹುತೇಕ ಕಾರುಗಳಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇಕಡಾ 3.7ರಷ್ಟು ನೀರು ಸೇರಿತೆಂದರೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಕಾರಿನ ಬ್ರೇಕ್ ಆಯಿಲನ್ನು ನಾನು ಐದು ವರ್ಷದಿಂದ ಬದಲಿಸಿರಲಿಲ್ಲ. ಚೆನ್ನೈನ ಸಮುದ್ರದ ಗಾಳಿ ಅದರೊಳಗೆ ಎಷ್ಟು ನೀರು ಇಳಿಸಿತ್ತೋ.

ಮುಂದಿನ ತಿಂಗಳೇ ಬದಲಾವಣೆಗೆ ಇಳಿದೆ. ಮುನ್ನೂರು ಡಿಗ್ರಿ ದಾಟಿದರೂ ಕುದಿಯದ ರೇಸಿಂಗ್ ದ್ರವ, ಹೆಚ್ಚು ಶಾಖ ತಡೆಯುವ ಟ್ರ್ಯಾಕ್ ಪ್ಯಾಡು. ಹೆಂಡತಿ ಬಿಲ್ಲು ನೋಡಿ, "ಇಷ್ಟೊಂದಾ?" ಎಂದಳು. "ಸೇಫ್ಟಿ ವಿಷಯದಲ್ಲಿ ಚೌಕಾಸಿ ಮಾಡಬಾರದು ಕಣೇ," ಎಂದೆ. ಆ ಮಾತಿಗೆ ಯಾರ ಮನೆಯಲ್ಲೂ ಎದುರುತ್ತರ ಇರುವುದಿಲ್ಲ.

ಎರಡನೇ ಸಲ ಟ್ರ್ಯಾಕಿಗೆ ಹೋದಾಗ ಪೆಡಲ್ ಕಲ್ಲಿನಂತಿತ್ತು. ಹತ್ತು ಸುತ್ತು ಹೊಡೆದರೂ ಸೋಲಲಿಲ್ಲ. ಸಂಜೆ ಫೋನಿನಲ್ಲಿ ದಾಖಲಾದ ಜಿಪಿಎಸ್ ಲೆಕ್ಕ ನೋಡಿದೆ. ಹಿಂದಿನ ಸಲಕ್ಕಿಂತ ಮೂವತ್ತು ಮೀಟರ್ ತಡವಾಗಿ ಬ್ರೇಕ್ ಒತ್ತಿದ್ದೆ. ಕೊಂಡುಕೊಂಡ ಸುರಕ್ಷತೆಯನ್ನು ಒಂದು ಪೈಸೆಯೂ ಉಳಿಸದೆ ವೇಗಕ್ಕೆ ಖರ್ಚು ಮಾಡಿದ್ದೆ. ಹೆಂಡತಿಗೆ ಹೇಳಿದ್ದು ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಇದು ನನ್ನೊಬ್ಬನ ದೌರ್ಬಲ್ಯವಲ್ಲ. 1975ರಲ್ಲಿ ಸ್ಯಾಮ್ ಪೆಲ್ಟ್ಸ್‌ಮನ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ವಾಹನ ಸುರಕ್ಷತಾ ನಿಯಮಗಳ ಬಗ್ಗೆ ಬರೆಯುತ್ತ, ಸುರಕ್ಷತೆ ಹೆಚ್ಚಿದಂತೆ ಚಾಲಕರು ಹೆಚ್ಚು ಅಪಾಯ ಮೈಮೇಲೆಳೆದುಕೊಳ್ಳುತ್ತಾರೆ, ಒಳಗೆ ಕೂತವರಿಗೆ ಉಳಿದ ಪ್ರಾಣಹಾನಿ ಹೊರಗೆ ನಡೆಯುವವರ ಪಾಲಿಗೆ ಹೋಗುತ್ತದೆ ಎಂದು ವಾದಿಸಿದ. 1980ರ ದಶಕದಲ್ಲಿ ಮ್ಯೂನಿಕ್ ನಗರದಲ್ಲಿ ಟ್ಯಾಕ್ಸಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವು ಟ್ಯಾಕ್ಸಿಗಳಿಗೆ ಎಬಿಎಸ್, ಉಳಿದವಕ್ಕೆ ಇಲ್ಲ. ಅಪಘಾತಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಯಾಣಿಕರ ವೇಷದಲ್ಲಿ ಕೂತ ವೀಕ್ಷಕರು ಎಬಿಎಸ್ ಇದ್ದವರು ತಿರುವುಗಳನ್ನು ಇನ್ನೂ ಬಿರುಸಾಗಿ ತೆಗೆದುಕೊಳ್ಳುತ್ತಾರೆಂದು ಗುರುತಿಸಿದರು. ಪೆಲ್ಟ್ಸ್‌ಮನ್‌ನ ವಾದ ಪೂರ್ತಿ ನಿಂತಿಲ್ಲ. ಸೀಟ್‌ಬೆಲ್ಟ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ನನ್ನ ಮೂವತ್ತು ಮೀಟರಿನ ಮಟ್ಟಿಗೆ ಆತ ಸರಿ.

ಹಾಗಾದರೆ ನಾನು ಮಾಡಿದ್ದು ತಪ್ಪೇ? ಟ್ರ್ಯಾಕಿನಲ್ಲಿ ಅಲ್ಲ ಎಂದೇ ಅಂದುಕೊಳ್ಳುತ್ತೇನೆ. ಅಲ್ಲಿರುವ ಪ್ರತಿಯೊಬ್ಬನೂ ಅದೇ ಕಾಗದಕ್ಕೆ ಸಹಿ ಹಾಕಿದ್ದಾನೆ. ನಾನು ಅವನಿಗೆ ಒಡ್ಡುವ ಅಪಾಯವನ್ನೇ ಅವನು ನನಗೂ ಒಡ್ಡುತ್ತಾನೆ. ಸಂಸಾರಸ್ಥನಿಗೆ ಇದೆಲ್ಲ ಬೇಕೇ ಎಂಬುದು ಬೇರೆ ಪ್ರಶ್ನೆ. ಅದನ್ನು ಹೆಂಡತಿಯೊಂದಿಗೆ ಇತ್ಯರ್ಥ ಮಾಡಿಕೊಂಡಿದ್ದೇನೆ. ವರ್ಷಕ್ಕೆ ಎರಡೇ ಸಲ. ಮತ್ತು ಸಾಮಾನ್ಯ ಕಾರು ವಿಮೆ ರೇಸಿಗೆ, ವೇಗದ ಪರೀಕ್ಷೆಗೆ ಅನ್ವಯಿಸುವುದಿಲ್ಲವಾದ್ದರಿಂದ, ಕಾರು ಹೋದರೆ ಹೋಯಿತು, ಹೊಸದು ಕೇಳಬಾರದು.

ತಪ್ಪು ನಡೆದದ್ದು ಟ್ರ್ಯಾಕಿನ ಹೊರಗೆ.

ಟ್ರ್ಯಾಕ್ ಪ್ಯಾಡಿನ ಒಂದು ಗುಣವನ್ನು ಮೆಕ್ಯಾನಿಕ್ ಮೊದಲೇ ಹೇಳಿದ್ದ. ಬಿಸಿಯಾದಾಗಲೇ ಅದು ಹಿಡಿಯುವುದು. ತಣ್ಣಗಿದ್ದಾಗ, ಅದರಲ್ಲೂ ಮಳೆಯಲ್ಲಿ, ಕಂಪನಿ ಪ್ಯಾಡಿಗಿಂತ ಕಡಿಮೆ ಹಿಡಿತ. ಹೆಚ್ಚು ಬೆಲೆಯದು ಎಲ್ಲ ಕಡೆಯೂ ಒಳ್ಳೆಯದು ಎಂಬ ನಮ್ಮ ನಂಬಿಕೆಗೆ ಅದು ಅಪವಾದ. "ಸಾರ್, ರೋಡಿಗೆ ಬರುವ ಮುಂಚೆ ಹಳೇದು ಹಾಕಿಸಿಬಿಡಿ," ಎಂದಿದ್ದ. ಆ ಭಾನುವಾರ ಸಂಜೆ ಸುಸ್ತಾಗಿತ್ತು. ಮನೆಯವರೆಗೆ ನಿಧಾನವಾಗಿಯೇ ಬಂದೆ. ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಮಗಳನ್ನು ಸ್ಕೂಲಿಗೆ ಬಿಡಲು ಅದೇ ಕಾರು, ಅದೇ ಪ್ಯಾಡು. ರಾತ್ರಿ ಮಳೆ ಬಂದು ನಿಂತಿತ್ತು.

ಮನೆಯಿಂದ ಮುನ್ನೂರು ಮೀಟರ್ ಹೋಗಿರಬಹುದು. ಸೈಕಲ್ಲಿಗೆ ಎರಡು ವಾಟರ್ ಕ್ಯಾನ್ ಕಟ್ಟಿಕೊಂಡ ವಯಸ್ಸಾದವರೊಬ್ಬರು ಗಲ್ಲಿಯಿಂದ ಬಂದು ರಸ್ತೆಗೆ ತಿರುಗಿದರು. ಬ್ರೇಕ್ ಒತ್ತಿದೆ. ಪೆಡಲ್ ಗಟ್ಟಿಯಾಗಿಯೇ ಇತ್ತು, ಕಾರು ಮಾತ್ರ ನಿಲ್ಲಲು ಮನಸ್ಸು ಮಾಡಲಿಲ್ಲ. ಇನ್ನಷ್ಟು ಜೋರಾಗಿ ಒತ್ತಿದೆ. ನಿಲ್ಲುವ ಕೊನೆಯ ಗಳಿಗೆಯಲ್ಲಿ ಬಂಪರ್ ಅವರ ಹಿಂದಿನ ಚಕ್ರಕ್ಕೆ ತಾಗಿತು. ಸೈಕಲ್ ವಾಲಿತು, ಒಂದು ಕ್ಯಾನ್ ಒಡೆಯಿತು, ಅವರು ಮೊಣಕಾಲೂರಿ ಬಿದ್ದರು. ತರಚು ಗಾಯ, ಅಷ್ಟೇ.

ನಾನು ಇಳಿದು ಓಡಿಹೋಗುವಷ್ಟರಲ್ಲಿ ಅವರೇ ಎದ್ದು ಕೈ ಮುಗಿದರು. "ಎನ್ ತಪ್ಪು ಸಾರ್," ಎಂದರು. ಹದಿನೇಳು ವರ್ಷದಿಂದ ಇಲ್ಲಿದ್ದೇನೆ. ಎಷ್ಟೋ ತಮಿಳು ಮಾತು ಇನ್ನೂ ತಡವರಿಸಿ ಅರ್ಥವಾಗುತ್ತದೆ. ಈ 'ತಪ್ಪು' ಮಾತ್ರ ಅನುವಾದವೇ ಬೇಡದೆ ನೇರ ಒಳಗಿಳಿಯಿತು. ಸುತ್ತ ಸೇರಿದವರೂ ಅವರನ್ನೇ ಬೈದರು, ನೋಡದೆ ತಿರುಗಿದ್ದಕ್ಕೆ. ನಾನು ಏನೂ ಹೇಳಲಿಲ್ಲ. ಮೊಣಕಾಲಿಗೆ ಮದ್ದು ಹಚ್ಚಿಸಿ, ಕ್ಯಾನಿಗೆಂದು ಐನೂರು ರೂಪಾಯಿ ಕೊಟ್ಟೆ. ಅವರು ಅದನ್ನು ನನ್ನ ಔದಾರ್ಯವೆಂದು ತಿಳಿದರು. ಕಾರಿನಲ್ಲಿ ಮಗಳು, "ಅಪ್ಪಾ, ನೀನು ಎಷ್ಟು ಒಳ್ಳೆಯವನು," ಎಂದಳು.

ಕಂಪನಿ ಪ್ಯಾಡ್ ಇದ್ದಿದ್ದರೆ ತಾಗುತ್ತಿರಲಿಲ್ಲವೇ? ಖಂಡಿತವಾಗಿ ಹೇಳಲಾರೆ. ಅವರು ತಟ್ಟನೆ ತಿರುಗಿದ್ದು ನಿಜ, ರಸ್ತೆ ಒದ್ದೆಯಾಗಿದ್ದೂ ನಿಜ. ಆದರೆ ಈ 'ಹೇಳಲಾರೆ' ಎಂಬುದು ನನಗೆ ಬಹಳ ಅನುಕೂಲದ ಉತ್ತರ. ಅನುಕೂಲದ ಉತ್ತರಗಳ ಬಗ್ಗೆ ಅನುಮಾನ ಪಡುವುದನ್ನು ನನ್ನ ಕೆಲಸ ಕಲಿಸಿದೆ. ಪ್ರಾಜೆಕ್ಟ್ ಕುಸಿದ ಮೇಲೆ ನಡೆಯುವ ಮೀಟಿಂಗುಗಳಲ್ಲಿ ಎಲ್ಲರ ಬಳಿಯೂ ಇಂಥದ್ದೊಂದು ಇರುತ್ತದೆ.

ಇದಕ್ಕೆ ಒಂದು ಆಕ್ಷೇಪವಿದೆ, ನಾನೇ ಹಾಕಿಕೊಂಡದ್ದು. ರಸ್ತೆಗಿಳಿದ ಮೇಲೆ ಎಲ್ಲರೂ ಎಲ್ಲರಿಗೂ ಅಪಾಯ ಒಡ್ಡುತ್ತಲೇ ಇರುತ್ತಾರೆ. ಯಾರ ಸಹಿಯನ್ನು ಯಾರು ಕೇಳುತ್ತಾರೆ? ಎಲ್ಲರ ಒಪ್ಪಿಗೆ ಬೇಕೆಂದರೆ ಯಾವ ಗಾಡಿಯೂ ಓಡದು. ನಿಜ. ಇದಕ್ಕೆ ಜಾರ್ಜ್ ಫ್ಲೆಚರ್ ಎಂಬ ಕಾನೂನು ಪಂಡಿತ 1972ರ ಲೇಖನವೊಂದರಲ್ಲಿ ಕೊಟ್ಟ ದಾರಿ ನನಗೆ ಒಪ್ಪಿಗೆಯಾಗುತ್ತದೆ. ನಾವು ಪರಸ್ಪರ ಸಮನಾಗಿ ಒಡ್ಡಿಕೊಳ್ಳುವ ಅಪಾಯ ಕೂಡಿ ಬಾಳುವುದರ ಬೆಲೆ, ಅದಕ್ಕೆ ಯಾರೂ ಯಾರನ್ನೂ ದೂರುವಂತಿಲ್ಲ. ಒಬ್ಬ ಇನ್ನೊಬ್ಬನಿಗೆ ಒಡ್ಡುವ ಅಪಾಯ ಆ ಸಾಮಾನ್ಯ ಮಟ್ಟವನ್ನು ಮೀರಿ, ಆ ಇನ್ನೊಬ್ಬನಿಂದ ಅಷ್ಟು ತಿರುಗಿ ಬರದೆ ಇದ್ದಾಗ ಲೆಕ್ಕ ಬದಲಾಗುತ್ತದೆ. ಸೈಕಲ್ಲಿನವರು ನನಗೆ ಒಡ್ಡಿದ ಅಪಾಯವೆಂದರೆ ಬಂಪರಿನ ಮೇಲೊಂದು ಗೀರು. ನಾನು ಅವರಿಗೆ ಒಡ್ಡಿದ್ದು ಕಾರಿನ ಮಾಮೂಲು ಅಪಾಯ, ಅದರ ಮೇಲೆ ನನ್ನ ಭಾನುವಾರದ ಸಂತೋಷದ ಉಳಿಕೆ. ಆ ಉಳಿಕೆ ಅವರಿಗೆ ಕಾಣಿಸುವಂತೆಯೂ ಇರಲಿಲ್ಲ.

ಹೀಗೆ ಯೋಚಿಸತೊಡಗಿದಾಗ ಇನ್ನೊಂದು ಹೊಳೆಯಿತು. ಅದು ರೇಸ್ ಟ್ರ್ಯಾಕಿನ ಮುಖವನ್ನೇ ನೋಡದವರಿಗೂ ಸಲ್ಲುತ್ತದೆ. ಐದು ವರ್ಷ ಬ್ರೇಕ್ ಆಯಿಲ್ ಬದಲಿಸದೆ ಓಡಾಡಿದೆನಲ್ಲ, ಆಗಲೂ ನಾನು ಅದನ್ನೇ ಮಾಡುತ್ತಿದ್ದೆ. ಅದೇ ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದಿದ್ದೇನೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಖರ್ಚು ಒಂದು ಸಿನಿಮಾ ಮತ್ತು ಊಟದಷ್ಟು. ಒಂದು ಕಡೆ ಉಡಾಫೆ, ಇನ್ನೊಂದು ಕಡೆ ಹುಚ್ಚು. ಎರಡರಲ್ಲೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಇದು ಸೋತರೆ ಬೀಳುವವರು ಯಾರು?

ಸಕಲೇಶಪುರದಲ್ಲಿ ನನ್ನ ಸೋದರಮಾವ ಇದ್ದಾರೆ. ಕೆಎಸ್ಸಾರ್ಟಿಸಿಯಲ್ಲಿ ಡ್ರೈವರಾಗಿದ್ದು ನಿವೃತ್ತರಾದವರು. ಶಿರಾಡಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ಕಾಯಿಸಬಾರದು ಎಂದು ಚಿಕ್ಕಂದಿನಲ್ಲೇ ನನಗೆ ಹೇಳಿಕೊಟ್ಟವರು. ಆಚೆ ವಾರ ಫೋನಿನಲ್ಲಿ ಎಲ್ಲ ಹೇಳಿದೆ, ಪೆಲ್ಟ್ಸ್‌ಮನ್, ಫ್ಲೆಚರ್ ಸಮೇತ. ಕೇಳಿಸಿಕೊಂಡು, "ಅದೆಲ್ಲ ಸರಿ ಕಣೋ. ಆ ಮುದುಕನಿಗೆ ಹೇಳ್ದಾ?" ಎಂದರು.

ಹೇಳಿರಲಿಲ್ಲ. ಹೇಳುವುದು ಕಷ್ಟವಾಗಿರಲಿಲ್ಲ. ವಾಟರ್ ಕ್ಯಾನ್ ಏಜೆನ್ಸಿ ನಮ್ಮ ಬೀದಿಯ ಕೊನೆಯಲ್ಲೇ ಇದೆ. ತಪ್ಪು ಅವರದೇ ಎಂದು ಅವರೇ ಒಪ್ಪಿಕೊಂಡಿರುವಾಗ ಅದನ್ನು ವಾಪಸ್ಸು ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ, ಅಷ್ಟೇ.

ಶನಿವಾರ ಹೋದೆ. ನನ್ನ ಅರೆಬರೆ ತಮಿಳಿನಲ್ಲಿ, ಅವತ್ತು ಕಾರಿನ ಬ್ರೇಕ್ ರಸ್ತೆಗೆ ತಕ್ಕದ್ದಾಗಿರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ತಂದಿದ್ದೆ ಎಂದೆ. ಪ್ಯಾಡು, ಶಾಖ ಎಲ್ಲ ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಈ ಸಲ ಕೈ ಮುಗಿಯಲಿಲ್ಲ. "ಈಗ ಸರಿ ಮಾಡಿಸಿದ್ದೀರಾ?" ಎಂದು ಕೇಳಿದರು.

ಮಾಡಿಸಿದ್ದೇನೆ ಎಂದೆ. ತಲೆಯಾಡಿಸಿ ಮುಂದಿನ ಕ್ಯಾನ್ ಎತ್ತಿಕೊಂಡರು.

ಟ್ರ್ಯಾಕಿಗೆ ಹೋಗುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ಅಲ್ಲಿಯೇ ಜ್ಯಾಕ್ ಕೊಟ್ಟು ಟ್ರ್ಯಾಕ್ ಪ್ಯಾಡ್ ಹಾಕುತ್ತೇನೆ. ಸಂಜೆ ಡಿಸ್ಕ್ ಆರಿದ ಮೇಲೆ ಕಂಪನಿ ಪ್ಯಾಡಿಗೆ ಮರಳುತ್ತೇನೆ. ಒಳಗಿನ ರಸ್ತೆಯಲ್ಲೇ ನಾಲ್ಕಾರು ಸಲ ಬ್ರೇಕ್ ಒತ್ತಿ ಹಿಡಿತ ಕೂತಿದೆಯೇ ನೋಡಿಯೇ ಗೇಟು ದಾಟುವುದು. ಎರಡು ಗಂಟೆ ಹೆಚ್ಚು ಹಿಡಿಯುತ್ತದೆ, ಮನೆ ಸೇರುವಾಗ ಕತ್ತಲಾಗಿರುತ್ತದೆ. ಕೈಯೆಲ್ಲ ಕಪ್ಪು ಮಸಿ ಮಾಡಿಕೊಂಡು ಬಂದ ನನ್ನನ್ನು ನೋಡಿ ಮಗಳು ಯಾಕೆ ತಡ ಎಂದು ಕೇಳುತ್ತಾಳೆ. ಸೋಮವಾರ ಬೆಳಿಗ್ಗೆ ನಡೆದದ್ದನ್ನು ಅವಳಿಗೂ ಹೇಳಿದ್ದೇನೆ. ಅವತ್ತು ಅವಳು ಆಡಿದ ಒಳ್ಳೆಯ ಮಾತು ಅಷ್ಟು ದಿನ ನನ್ನ ಬಳಿ ಉಳಿದಿದ್ದೇ ಹೆಚ್ಚು.