ಮೌನವನ್ನು ಅಳಿಸುವ ಹಕ್ಕು

ಹಳೆಯ ಪ್ರವಚನದ ಕ್ಯಾಸೆಟ್ಟೊಂದನ್ನು ಕಂಪ್ಯೂಟರಿಗೆ ಇಳಿಸುವುದು ಧರ್ಮದ ಪ್ರಶ್ನೆಯೇ? ಹೌದು ಎಂಬುದೇ ನನ್ನ ವಾದ, ಮತ್ತು ಬೀದರ್ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಜನ ಇಂದಿಗೂ ನೆನೆಯುವ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಲಿಂಗೈಕ್ಯರಾದದ್ದು 1999ರಲ್ಲಿ. ಕ್ಯಾಸೆಟ್ ಹುಟ್ಟಿ, ಮನೆಮನೆಗೆ ಬಂದು, ಹಿಂದೆ ಸರಿಯತೊಡಗಿದ ಕಾಲವನ್ನೆಲ್ಲ ಅವರು ಕಂಡಿದ್ದರು. ಅವರ ಕಾಲದವರ ಪ್ರವಚನವಾಗಲಿ, ಔರಾದಿನ ಅಮರೇಶ್ವರ ಜಾತ್ರೆಯ ಭಜನೆಯಾಗಲಿ, ಬೀದರಿನ ನಾನಕ್ ಝೀರಾದ ಕೀರ್ತನೆಯಾಗಲಿ, ಟೇಪಿನ ಮೇಲೆ ಉಳಿದದ್ದೆಲ್ಲ ಈಗ ಯಾರದೋ ಕೈಯಲ್ಲಿ ಫೈಲಾಗಬೇಕು. ಹಾಗೆ ಮಾಡುವವರು ಏನನ್ನು ಉಳಿಸಿದರು, ಏನನ್ನು ಬಿಟ್ಟರು ಎಂಬುದನ್ನು ಬರೆದಿಡದಿದ್ದರೆ, ಮುಂದಿನವರು ಬಿಟ್ಟದ್ದನ್ನು ಇರಲೇ ಇಲ್ಲ ಎಂದು ನಂಬುತ್ತಾರೆ. ತಪ್ಪು ಇರುವುದು ಬಿಡುವುದರಲ್ಲಲ್ಲ, ಮರೆಮಾಚುವುದರಲ್ಲಿ.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಲಿನಕ್ಸಿನಲ್ಲಿ ಆದೇಶಗಳನ್ನು ಬರೆದು ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಎಆರೆಕಾರ್ಡ್ ಎಂಬ ಆದೇಶ ಕೊಟ್ಟು ಸಿ.ಡಿ. ಗುಣಮಟ್ಟ ಬೇಕೆಂದರೆ, ಟೇಪಿನಿಂದ ಬರುವ ದನಿಯನ್ನು ಅದು ಸೆಕೆಂಡಿಗೆ 44,100 ಸಲ ಅಳೆದು ಬರೆದುಕೊಳ್ಳುತ್ತದೆ. ಒಂದು ಗಂಟೆಗೆ ಸುಮಾರು 635 ಎಂ.ಬಿ. ಆಗುತ್ತದೆ. ಆ ಫೈಲನ್ನು, ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು ಎಂಪಿ3 ಮಾಡು ಎಂದಷ್ಟೇ ಹೇಳಿದರೆ ಅದು ತಾನಾಗಿಯೇ ಸೆಕೆಂಡಿಗೆ 128 ಕಿಲೋಬಿಟ್ ಆರಿಸಿಕೊಳ್ಳುತ್ತದೆ. 635 ಇದ್ದದ್ದು 58ಕ್ಕೆ ಇಳಿಯುತ್ತದೆ. ಜೋರು ದನಿಯ ಮರೆಯಲ್ಲಿರುವ ಮೆಲುದನಿ ಕಿವಿಗೆ ಬೀಳದು ಎಂಬ ಲೆಕ್ಕದ ಮೇಲೆ ಉಳಿದದ್ದನ್ನು ಕೈಬಿಡಲಾಗುತ್ತದೆ. ಫ್ಲಾಕ್ ಎಂಬ ಇನ್ನೊಂದು ರೂಪವಿದೆ. ಅದು ಹೆಚ್ಚುಕಡಿಮೆ ಅರ್ಧ ಜಾಗ ಉಳಿಸಿಯೂ ಒಂದು ಬಿಟ್ಟನ್ನೂ ಕಳೆಯುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಸದ್ದು ತೆಗೆಯುವ ಕೆಲಸ. ಸಾಕ್ಸ್ ಎಂಬ ಹಳೆಯ ಸಾಧನದಲ್ಲಿ ಇದು ಎರಡು ಹಂತದಲ್ಲಿ ನಡೆಯುತ್ತದೆ. ಮಾತಿಲ್ಲದ ಒಂದು ತುಣುಕನ್ನು ತೋರಿಸಿ ಇದು ಕಸದ ಮಾದರಿ ಎನ್ನಬೇಕು. ಆಮೇಲೆ ಆ ಮಾದರಿಯನ್ನು ಹೋಲುವುದನ್ನೆಲ್ಲ ಅದು ಇಡೀ ಧ್ವನಿಯಿಂದ ತಗ್ಗಿಸುತ್ತದೆ. ಅಂದರೆ ಕಸದ ಗುರುತಿಗಾಗಿ ನಾವು ಹೋಗುವುದು ಮೌನದ ಬಳಿಗೆ! ಬಯಲನ್ನೂ ಮೌನವನ್ನೂ ಅನುಭಾವದ ಎತ್ತರದಲ್ಲಿ ಇಟ್ಟ ಅಲ್ಲಮನ ಪರಂಪರೆಗೆ ಇದಕ್ಕಿಂತ ದೂರದ ನಡೆ ಇನ್ನಾವುದು? ಎರಡು ಮಾತುಗಳ ನಡುವೆ ಟೇಪಿನ ಸುಯ್ ಸದ್ದಷ್ಟೇ ಇರುವುದಿಲ್ಲ. ಹೇಳುವವರ ಉಸಿರು, ಕೇಳುವವರ ಗುಜುಗುಜು, ಆ ಅಂಗಳದ ಅಗಲ ಎಲ್ಲವೂ ಅಲ್ಲಿರುತ್ತವೆ. ಬೀದರಿನ ಪಕ್ಕದ ಅಷ್ಟೂರಿನ ಉರುಸನ್ನೇ ತೆಗೆದುಕೊಳ್ಳಿ. ಅಲ್ಲಿನ ಅಹ್ಮದ್ ಶಾ ಬಹಮನಿ ಮುಸ್ಲಿಮರಿಗೆ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಮಡಿಯಾಳದ ಜಂಗಮರು ಬಂದು ಸೇರುವ ಆ ಉತ್ಸವದಲ್ಲಿ ಫಾತಿಹಾವೂ ಶಂಖವೂ ಒಂದೇ ಗಾಳಿಯಲ್ಲಿ ಕೇಳುತ್ತವೆ. ಶಂಖದ ನೀಳ ಸದ್ದನ್ನು ಮಾದರಿಯಾಗಿ ತೋರಿಸಿದರೆ ಸಾಕ್ಸ್ ಅದನ್ನೂ ಕಸವೆಂದೇ ತಗ್ಗಿಸಲು ಹೊರಡುತ್ತದೆ. ಯಂತ್ರಕ್ಕೆ ಯಾವುದು ಪೂಜೆ, ಯಾವುದು ಗದ್ದಲ ಎಂಬ ವಿವೇಕವಿಲ್ಲ. ಬೆರಳು ತೋರಿಸಿದವರದೇ ತೀರ್ಮಾನ.

ಇಷ್ಟೆಲ್ಲ ಯಾಕೆ, ದನಿಯನ್ನು ಕಾಪಿಡುವುದೇ ಶರಣ ತತ್ವಕ್ಕೆ ವಿರುದ್ಧವಲ್ಲವೇ ಎಂದು ಕೇಳಬಹುದು. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದವರ ಮಾತನ್ನು ಹಾರ್ಡ್‌ಡಿಸ್ಕಿನಲ್ಲಿ ಪ್ರತಿಷ್ಠಾಪಿಸುವುದು ಇನ್ನೊಂದು ಗುಡಿ ಕಟ್ಟಿದ ಹಾಗೆ, ನಡೆಯಲ್ಲಿ ಬಾರದ ನುಡಿಯನ್ನು ಫೈಲು ಮಾಡಿ ಏನು ಫಲ ಎಂಬ ಆಕ್ಷೇಪ ಅದು. ಗಂಭೀರವಾದ ಆಕ್ಷೇಪವೇ. ಫೈಲಿಗೆ ಪೂಜೆ ಸಲ್ಲಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಲ್ಯಾಣದ ಕ್ರಾಂತಿಯ ನಂತರ ವಚನಗಳು ಉಳಿದದ್ದು ಓಲೆಯಿಂದ ಓಲೆಗೆ ಪ್ರತಿ ಮಾಡಿದವರಿಂದ. ಅವರು ಬದಲಾವಣೆಗೂ ಹೆದರಲಿಲ್ಲ. ಬಿಡಿ ವಚನಗಳನ್ನು ಸಂವಾದವಾಗಿ ಹೊಸೆದ ಶೂನ್ಯಸಂಪಾದನೆಗಳು ನಾಲ್ಕಿವೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂದು ಯಾರ ಪರಿಷ್ಕರಣ ಯಾವುದೆಂಬುದು ಇಂದಿಗೂ ಗೊತ್ತಿದೆ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದ ಮೇಲೂ ಓಲೆಗರಿಗಳು ಉಳಿದಿದ್ದರಿಂದಲೇ ನಂತರದ ವಿದ್ವಾಂಸರು ಪಾಠಗಳನ್ನು ಮತ್ತೆ ಹೋಲಿಸಿ ನೋಡುವುದು ಸಾಧ್ಯವಾಯಿತು, 1993ರ ಸಮಗ್ರ ವಚನ ಸಂಪುಟಗಳವರೆಗೆ ಬರುವುದು ಸಾಧ್ಯವಾಯಿತು. ಅಚ್ಚಾಯಿತೆಂದು ಓಲೆ ಸುಟ್ಟಿದ್ದರೆ? ಟೇಪಿನ ವಿಷಯದಲ್ಲಿ ಇಂದು ಅದೇ ಆಗುತ್ತಿದೆ. ವಾಟ್ಸಾಪಿಗೆ ಹೋಗುವ ಫೈಲು ಸಿದ್ಧವಾದ ಕೂಡಲೇ ಕ್ಯಾಸೆಟ್ಟು ಗುಜರಿಗೆ.

ಕಳೆದುಹೋದದ್ದು ಕಿವಿಗೆ ಕೇಳದ ಮೇಲೆ ನಷ್ಟವೇನು ಎನ್ನುವವರೂ ಇದ್ದಾರೆ. ಒಮ್ಮೆ ಕೇಳುವವರಿಗೆ ನಷ್ಟವಿಲ್ಲ, ನಿಜ. ಆದರೆ ಎಂಪಿ3ಯನ್ನು ಮತ್ತೆ ಕತ್ತರಿಸಿ, ವಿಡಿಯೊಗೆ ಜೋಡಿಸಿ, ಇನ್ನೊಮ್ಮೆ ಕುಗ್ಗಿಸಿದಾಗ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ, ಹೋದದ್ದು ಯಾವ ಆದೇಶಕ್ಕೂ ಮರಳುವುದಿಲ್ಲ. ಮುಂದೊಂದು ದಿನ ಆ ದನಿಯಲ್ಲಿ ಬೀದರ್ ಸೀಮೆಯ ಕನ್ನಡದ ಎಳೆತವನ್ನೋ ರಾಗದ ಜಾಡನ್ನೋ ಹುಡುಕುವವರಿಗೆ ಏನು ಬೇಕಾಗುತ್ತದೆಂದು ನಿರ್ಧರಿಸಲು ನಾವು ಯಾರು?

ಮೊಬೈಲ್ ಆ್ಯಪಿನಲ್ಲಿ ಒಂದೇ ಒತ್ತಿಗೆ ಆಗುವುದಕ್ಕೆ ಈ ಆದೇಶಗಳ ಕಷ್ಟ ಯಾಕೆ ಎಂಬ ಮಾತಿಗೆ ನನ್ನ ಉತ್ತರ ಇದು: ಟರ್ಮಿನಲ್‌ನಲ್ಲಿ ಮಾಡಿದ ಕೆಲಸ ಬರಹವಾಗಿ ಉಳಿಯುತ್ತದೆ. ಎಷ್ಟು ಕುಗ್ಗಿಸಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಿದೆ, ಯಾವ ಕ್ಷಣವನ್ನು ಕಸದ ಮಾದರಿಯಾಗಿ ತೋರಿಸಿದೆ ಎಂಬುದೆಲ್ಲ ಒಂದೆರಡು ಸಾಲು. ಆ ಸಾಲುಗಳನ್ನು ಫೈಲಿನ ಜೊತೆಗೇ ಇಡಬಹುದು. ಹೇಳಿದವರ ಹೆಸರು, ಊರು, ದಿನವನ್ನು ಎಫ್‌ಎಫ್‌ಎಂಪೆಗ್‌ನಿಂದಲೇ ಫೈಲಿನ ಒಳಗೆ ಸೇರಿಸಬಹುದು. ಏನನ್ನೂ ಮುಟ್ಟದ ಒಂದು ಪ್ರತಿ ಫ್ಲಾಕಿನಲ್ಲಿ, ಮಂದಿಗೆ ಹಂಚುವ ಇನ್ನೊಂದು ಪ್ರತಿ ಎಂಪಿ3ಯಲ್ಲಿ ಇರಲಿ. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡಬಹುದಾದ ಕೆಲಸವಿದು. ಗಂಟೆಗೆ ಮುನ್ನೂರು ಚಿಲ್ಲರೆ ಎಂ.ಬಿ. ಎಂದರೆ ನೂರು ಕ್ಯಾಸೆಟ್ಟಿನ ಪ್ರವಚನವೂ ಅಂಗಡಿಯಲ್ಲಿ ಸಿಗುವ ಒಂದು ಪೆನ್‌ಡ್ರೈವಿಗೆ ಹಿಡಿಯುತ್ತದೆ.