ಬಾವಿ ನಮ್ಮದು, ನೀರು ಯಾರದು?

ಬೀರಬಲ್ಲನ ಕಥೆಯೊಂದನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಒಬ್ಬಾತ ತನ್ನ ಬಾವಿಯನ್ನು ರೈತನಿಗೆ ಮಾರಿ, ‘ಮಾರಿದ್ದು ಬಾವಿಯನ್ನು, ನೀರನ್ನಲ್ಲ’ ಎಂದು ತಕರಾರು ತೆಗೆದನಂತೆ. ‘ಹಾಗಾದರೆ ನಿನ್ನ ನೀರನ್ನು ಅವನ ಬಾವಿಯಿಂದ ಈಗಲೇ ಖಾಲಿ ಮಾಡು, ಇಲ್ಲವೇ ಬಾಡಿಗೆ ಕೊಡು’ ಎಂದು ಬೀರಬಲ್ಲ ತೀರ್ಪಿತ್ತ. ಅಂದು ನಕ್ಕಿದ್ದೆವು. ಕಳೆದ ಬೇಸಗೆಯಲ್ಲಿ ಊರಿಗೆ ಹೋಗಿಬಂದ ಮೇಲೆ ಆ ನಗು ಉಳಿದಿಲ್ಲ.

ನಮ್ಮೂರು ಕೋಲಾರದ ಕಡೆ. ಹಿರಿಯರ ಜಮೀನನ್ನು ತಮ್ಮ ನೋಡಿಕೊಳ್ಳುತ್ತಾನೆ. ಹಿಂದಿನ ಎರಡು ಕೊಳವೆಬಾವಿಗಳು ಬತ್ತಿದ್ದವು. ‘ಅಣ್ಣಾ, ಈ ಸಲ ಸಾವಿರದ ಇನ್ನೂರು ಅಡಿ ಇಳಿಸಬೇಕು, ಟೊಮೇಟೊ ಒಣಗ್ತಾ ಇದೆ’ ಎಂದು ಅವನು ಫೋನು ಮಾಡಿದಾಗ, ಮುಂಬಯಿಯಿಂದ ನಾವು ಹಣ ಕಳಿಸಿದೆವು. ನೀರು ಬಂತು, ಗಂಗೆಪೂಜೆಯೂ ಆಯಿತು. ಒಂದು ತಿಂಗಳು ಕಳೆಯುವುದರೊಳಗೆ ಪಕ್ಕದ ಹೊಲದ ಅಜ್ಜಿಯ ನಾನೂರು ಅಡಿಯ ಬಾವಿ ನಿಂತುಹೋಯಿತು. ಆಕೆ ಜಗಳವಾಡಲಿಲ್ಲ. ನಾವು ಹೋದಾಗ ಮಜ್ಜಿಗೆ ಕೊಟ್ಟು ಹೇಳಿದಳು: ‘ನಿಂಗೇನಪ್ಪಾ, ಬೊಂಬಾಯಿ ದುಡ್ಡು ಪಾತಾಳದವರೆಗೂ ಇಳಿಯುತ್ತೆ. ನಮ್ಮ ದುಡ್ಡು ಅಷ್ಟು ಕೆಳಗೆ ಇಳಿಯಲ್ಲ.’

ನಾವು ತಪ್ಪು ಮಾಡಿದೆವೇ? ಕಾನೂನನ್ನು ಕೇಳಿದರೆ ‘ಇಲ್ಲ’ ಎನ್ನುತ್ತದೆ. ತನ್ನ ಭೂಮಿಯ ಅಡಿಯಲ್ಲಿರುವ ನೀರನ್ನು ಸಂಗ್ರಹಿಸಿ ಬಳಸುವ ಹಕ್ಕನ್ನು ಭೂಮಾಲೀಕನಿಗೆ 1882ರ ಈಸ್‌ಮೆಂಟ್ಸ್ ಕಾಯಿದೆ ಒಪ್ಪಿಕೊಂಡಿದೆ. ಕರ್ನಾಟಕದ 2011ರ ಅಂತರ್ಜಲ ಕಾಯಿದೆ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಪಡೆಯಬೇಕೆನ್ನುತ್ತದೆ. ತಮ್ಮನ ಬಳಿ ಅನುಮತಿ ಪತ್ರವೂ ಇತ್ತು. ಆದರೆ ಭೂಮಿಯ ಒಳಗಿನ ವ್ಯವಸ್ಥೆಗೆ ಪಹಣಿ ಪತ್ರ ಓದಲು ಬಾರದು. ಕೋಲಾರದ ನೆಲ ಗಟ್ಟಿಕಲ್ಲಿನದು. ಅಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ. ಆ ಬಿರುಕುಗಳು ನಮ್ಮ ಬದುವಿನ ಬಳಿ ಬಂದು ನಿಲ್ಲುವುದಿಲ್ಲ.

‘ಮಳೆಯೇ ಕಡಿಮೆ, ನಾವೇನು ಮಾಡೋಣ’ ಎಂಬ ಸಮಾಧಾನವೊಂದಿದೆ. ಅದನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 2002ರಲ್ಲಿ ಹಾರಿಸಿದ ‘ಗ್ರೇಸ್’ ಎಂಬ ಜೋಡಿ ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಿದ್ದವು. ಕೆಳಗಿನ ನೆಲದ ಗುರುತ್ವಾಕರ್ಷಣೆ ಬದಲಾದಂತೆ ಅವುಗಳ ನಡುವಿನ ಅಂತರ ತುಸು ಹೆಚ್ಚುಕಡಿಮೆಯಾಗುತ್ತಿತ್ತು; ಅದನ್ನಳೆದು ಭೂಗರ್ಭದ ನೀರಿನ ಏರಿಳಿತವನ್ನು ಲೆಕ್ಕ ಹಾಕಿದರು. 2002ರಿಂದ 2008ರವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣ, ದಿಲ್ಲಿಗಳ ನೆಲ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡಿತೆಂದು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರ್ಷಗಳಲ್ಲಿ ಅಲ್ಲಿನ ಮಳೆ ಹೆಚ್ಚುಕಡಿಮೆ ವಾಡಿಕೆಯಷ್ಟೇ ಇತ್ತು. ಅಂದರೆ ಮೋಡ ಕೈಕೊಟ್ಟದ್ದಲ್ಲ, ಪಂಪು ಎಳೆದದ್ದು.

ನೀರಿನ ವಯಸ್ಸನ್ನೂ ಈಗ ಅಳೆಯುತ್ತಾರೆ. ನೀರಿನಲ್ಲಿರುವ ಟ್ರಿಟಿಯಂ, ಕಾರ್ಬನ್-14ಗಳಿಂದ ಅದು ಇತ್ತೀಚಿನ ಮಳೆಯದೋ ಪುರಾತನವೋ ತಿಳಿಯುತ್ತದೆ. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದವರು ಇಂಥ ಅಧ್ಯಯನವನ್ನು ಜೈಸಲ್ಮೇರದ ಮರುಭೂಮಿಯಲ್ಲಿ ನಡೆಸಿದ್ದಾರೆ. ಅಲ್ಲಿನ ಆಳದ ನೀರು ಹಲವು ಸಾವಿರ ವರ್ಷ ಹಳೆಯದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ವರ್ಷ ವರ್ಷದ ಮಳೆ ಬಡ್ಡಿ. ಅಂಥ ನೀರು ಅಸಲು. ಬಡ್ಡಿಯಲ್ಲಿ ಬದುಕುವವನು ಗೃಹಸ್ಥ. ಮೊಮ್ಮಕ್ಕಳ ಹೆಸರಿನ ಅಸಲನ್ನು ಮುರಿಯುವವನನ್ನು ಏನೆಂದು ಕರೆಯಬೇಕು?

ತಮ್ಮನ ವಾದವನ್ನೂ ಇಲ್ಲಿ ಹೇಳಬೇಕು, ಅದು ಹಗುರವಾದುದಲ್ಲ. ‘ನಾನು ಬಿಟ್ಟರೆ ಇನ್ನೊಬ್ಬ ಎಳೀತಾನೆ. ನನ್ನ ಬೆಳೆ ಒಣಗಿದ್ದೊಂದೇ ಲಾಭ’ ಎಂದ. ಅಜ್ಜಿಯ ಬಾವಿ ಬತ್ತಲು ನಮ್ಮದೇ ಕಾರಣವೆಂದು ಯಾರೂ ಸಾಧಿಸಲಾರರು. ಸುತ್ತ ನೂರಾರು ಕೊಳವೆಬಾವಿಗಳಿವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಹಲವು ಕೆರೆಗಳಿಗೆ ಹರಿಯುತ್ತಿದೆ, ಆದರೆ ನಮ್ಮೂರ ಕೆರೆ ಆ ಸಾಲಿನಲ್ಲಿಲ್ಲ. ತಪ್ಪು ನೂರು ಜನರಲ್ಲಿ ಹಂಚಿಹೋದರೆ ಪ್ರತಿಯೊಬ್ಬನ ಪಾಲಿಗೆ ಬರುವುದು ಸೊನ್ನೆಯೇ? ನೂರನೆಯ ಒಂದು ಪಾಲು ಸೊನ್ನೆಯಲ್ಲ ಎಂಬುದು ನಮ್ಮ ಅನಿಸಿಕೆ. ಅಜ್ಜಿಯ ಬಾವಿಯಂತೂ ಪೂರ್ತಿಯಾಗಿಯೇ ಬತ್ತಿದೆ.

ಒಬ್ಬನ ಸಂಯಮದಿಂದ ಕೆಲಸವಾಗದು ಎಂಬ ತಮ್ಮನ ಮಾತು ಮಾತ್ರ ನಿಜ. ಆದ್ದರಿಂದಲೇ ಸಂಯಮ ಊರಿನದಾಗಬೇಕು. ಅಹಮದನಗರ, ಅಂದರೆ ಈಗಿನ ಅಹಿಲ್ಯಾನಗರ, ಜಿಲ್ಲೆಯ ಹಿವರೆ ಬಜಾರ್ ಎಂಬ ಮಳೆ ಕಡಿಮೆಯ ಹಳ್ಳಿಯಲ್ಲಿ ಪೋಪಟರಾವ್ ಪವಾರರ ಮುಂದಾಳ್ತನದಲ್ಲಿ ಜನ ಮಳೆಯನ್ನಳೆದು, ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಮಂಡಿಸಿ, ಆ ವರ್ಷ ಏನು ಬೆಳೆಯಬೇಕೆಂದು ನಿರ್ಧರಿಸುತ್ತಾರೆ. ವ್ಯವಸಾಯಕ್ಕೆ ಕೊಳವೆಬಾವಿ ಕೊರೆಯುವುದನ್ನೇ ಅವರು ಬಿಟ್ಟರು. ಅಲ್ಲಿ ನೀರು ಯಾರ ಸ್ವತ್ತೂ ಅಲ್ಲ, ಎಲ್ಲರ ಲೆಕ್ಕ.

ನಮ್ಮೂರಲ್ಲಿ ಅಂಥ ಸಭೆ ಇನ್ನೂ ಸೇರಿಲ್ಲ. ಸದ್ಯಕ್ಕೆ ನಮ್ಮ ಪೈಪಿನಿಂದ ಅಜ್ಜಿಯ ಹಿಪ್ಪುನೇರಳೆಗೆ ದಿನಕ್ಕೆ ಒಂದು ಗಂಟೆ ನೀರು ಹೋಗುತ್ತಿದೆ. ತಮ್ಮ ಮೊದಲು ಮುನಿದ, ಆಮೇಲೆ ಒಪ್ಪಿದ. ದಾನವೆಂದು ಹೇಳಬೇಡ, ಆಕೆಯ ಪಾಲೆಂದು ಹೇಳು ಎಂದಿದ್ದೇವೆ. ಇದರಿಂದ ಕೆಳಗಿನ ನೀರು ಒಂದಂಗುಲವೂ ಏರುವುದಿಲ್ಲವೆಂಬುದು ನಮಗೆ ಗೊತ್ತು.

ಹೊರನಾಡಿನಲ್ಲಿದ್ದು ಊರಿಗೆ ಹಣ ಕಳಿಸುವ ನಾವು, ಆ ಹಣ ಎಷ್ಟು ಅಡಿ ಇಳಿಯಿತೆಂದು ಕೇಳುತ್ತೇವೆ. ಇನ್ನು ಮುಂದೆ ಇನ್ನೊಂದನ್ನೂ ಕೇಳೋಣ: ಪಕ್ಕದ ಬಾವಿಯಲ್ಲಿ ಎಷ್ಟು ನೀರಿದೆ?